ಮೇಜಿಗೆ ಅಂಟಿದ ಚಿತ್ರ

ಮಗ ತರಕಾರಿ ಚಾಕುವಿನ ಮೊನೆಯನ್ನು ಮೇಜಿಗೆ ಅಂಟಿದ್ದ ಹಾಳೆಯ ಮೂಲೆಗೆ ತೂರಿಸಿ ಬಲವಾಗಿ ಮೀಟಿದ. ಹಾಳೆ ಏಳಲಿಲ್ಲ. ಚಾಕು ಟಣ್ಣೆಂದು ಮುರಿಯಿತು. ಮೊನೆ ಹಾರಿ ಗೋಡೆಗೆ ಬಡಿದು, ಸತ್ತವನ ಅಕ್ಕ ಹಿಡಿದು ಕೂತಿದ್ದ ಚಹಾ ಲೋಟದ ಪಕ್ಕಕ್ಕೇ ಬಿತ್ತು.

"ಒಂದು ಹೆಣ ಸಾಲದು ಅಂತ ಇನ್ನೊಂದು ಮಾಡ್ತೀಯೇನೋ?" ಅವಳು ಲೋಟವನ್ನು ಎದೆಗೆ ಅವಚಿಕೊಂಡು ಕುರ್ಚಿಸಮೇತ ಹಿಂದೆ ಸರಿದಳು.

"ಅಮ್ಮಾ, ನೀನೇ ಹೇಳು. ಇದನ್ನ ಏನು ಮಾಡ್ಲಿ?" ಮಗನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ಇಸ್ತ್ರಿಯಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ವರ್ಷಗಟ್ಟಲೆ ರೋಗಿಗಳ ಹೊದಿಕೆಗಳಿಗೆ ಇಸ್ತ್ರಿ ಹಾಕಿದವಳು ಎಂದು ಕಟ್ಟಡದವರ ಬಾಯಲ್ಲಿ ಅವಳಿಗೆ ಆ ಹೆಸರು ಬಂದಿತ್ತು. ನಿನ್ನೆ ಮಧ್ಯಾಹ್ನದಿಂದ ಅವಳು ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ತಡವಾಗಿ ಬಂದ ಡಾಕ್ಟರನ್ನು ಬೈದಿದ್ದಳು, ಲಿಫ್ಟ್ ಇಲ್ಲದ ಕಟ್ಟಡವನ್ನು ಬೈದಿದ್ದಳು, ಒಳಕೋಣೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದ ಗಂಡನನ್ನೂ ಬಿಟ್ಟಿರಲಿಲ್ಲ.

ಈಗಿನ ತಕರಾರು ಮೇಜಿನದು. ಮುಂದಿನ ಕೋಣೆ ಚಿಕ್ಕದು. ಒಳಕೋಣೆಯ ಬಾಗಿಲಿಗೂ ಹೊರಬಾಗಿಲಿಗೂ ನಡುವೆ ಊಟದ ಮೇಜು ಅಡ್ಡ ನಿಂತಿತ್ತು. ಅದು ಎರಡು ಹಲಗೆಗಳ ಮಡಚುವ ಮೇಜು. ಒಂದು ಹಲಗೆ ಗೋಡೆಗೆ ಆತುಕೊಂಡು ನಿಲ್ಲುತ್ತದೆ, ಇನ್ನೊಂದನ್ನು ಕೆಳಗೆ ಇಳಿಬಿಟ್ಟರೆ ಶವದ ಪೆಟ್ಟಿಗೆಯನ್ನು ಸಲೀಸಾಗಿ ಹೊರಗೆ ತರಬಹುದು. ಆದರೆ ಎರಡು ಹಲಗೆಗಳು ಕೂಡುವ ಗೆರೆಯ ಮೇಲೆಯೇ, ಊಟದ ತಟ್ಟೆಗಿಂತ ಅಗಲವಾದ, ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆಯ ತುಂಡೊಂದು ಅಂಟಿಕೊಂಡಿತ್ತು. ಅದರ ಮೇಲೆ ಕಿಟಕಿಯಾಚೆ ಕಾಣುವ ಬಸ್ ನಿಲ್ದಾಣದ ಚಿತ್ರ ಕೆತ್ತಿತ್ತು. ಅದು ಅಂಟಿದಂದಿನಿಂದ ಮೇಜು ಮಡಚಿಲ್ಲ. ಹಾಗೇ ಎತ್ತಿ ಹೊರಗೆ ಹಾಕೋಣವೆಂದರೆ ಬಾಗಿಲಿನ ಅಗಲ ಸಾಲದು.

"ಬಿಡಲ್ಲ ತಮ್ಮಾ, ಬಿಡಲ್ಲ," ಎಂದ ಅಂಟಣ್ಣ. ಸತ್ತವನ ಜೊತೆ ಜೀವಮಾನವಿಡೀ ಕೆಲಸ ಮಾಡಿದವನು. ಅವನು ಹಾಳೆ ಹಾಸುತ್ತಿದ್ದ, ಇವನು ಅಂಟು ಬಳಿಯುತ್ತಿದ್ದ. ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, "ಉಡದ ಪಟ್ಟು ಇದು. ಕಟ್ಟಡ ಬಿದ್ರೂ ನಮ್ಮ ನೆಲ ಏಳಲ್ಲ ಅಂತ ನಿಮ್ಮಪ್ಪ ಸುಮ್ನೆ ಹೇಳ್ತಿರಲಿಲ್ಲ," ಎಂದ. ಇಂಥ ಹೊತ್ತಿನಲ್ಲೂ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇಣುಕಿತು.

ಶವ ಸಾಗಿಸಲು ಬಂದ ಗಾಡಿಯವನು ಹೊರಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. "ಮಧ್ಯದಲ್ಲಿ ಗೆರೆ ಕಾಣ್ತಿದೆಯಲ್ಲ ಸಾರ್, ಅದರ ಮೇಲೇ ಒಂದು ಸಲ ಚಾಕು ಎಳೆದ್ರೆ ಎರಡು ಹೋಳು. ಮಡಚಬಹುದು. ನನಗೆ ಮಧ್ಯಾಹ್ನ ಇನ್ನೊಂದು ಕಡೆ ಹೋಗೋದಿದೆ."

"ಮಧ್ಯದಲ್ಲಿ ನಾನಿದ್ದೀನಿ," ಎಂದಳು ಇಸ್ತ್ರಿಯಮ್ಮ.

ಗಾಡಿಯವನು ಅರ್ಥವಾಗದೆ ಅವಳನ್ನೂ ಮೇಜನ್ನೂ ನೋಡಿದ.

"ಬಸ್ಸಿಗೆ ಕಾಯ್ತಾ ನಿಂತಿರೋದು ಅಮ್ಮ," ಮಗಳು ತಗ್ಗಿದ ದನಿಯಲ್ಲಿ ಅವನಿಗೆ ತಿಳಿಸಿದಳು. "ಅಪ್ಪ ಕೆತ್ತಿದ್ದು."

"ಕೊಯ್ಯಿರಿ, ಬೇಡ ಅಂದವರು ಯಾರು?" ಇಸ್ತ್ರಿಯಮ್ಮ ಮೇಜಿನ ಬಳಿ ಬಂದು ಅದರ ಅಂಚು ಹಿಡಿದುಕೊಂಡಳು. "ಆದ್ರೆ ಮೊದಲು ಇದಕ್ಕೆ ಶಾಯಿ ಹಚ್ಚಿ ಕಾಗದದ ಮೇಲೆ ಒಂದು ಚಿತ್ರ ತೆಗೀಬೇಕು. ಇಷ್ಟು ದಿನ ಈ ಮೇಜಲ್ಲಿ ಓರೆ ತಟ್ಟೇಲಿ ಉಂಡಿದ್ದೀನಿ ನಾನು. ಅದಕ್ಕೆ ಸರಿಯಾದ ಒಂದು ಚಿತ್ರನಾದ್ರೂ ಬರಬೇಡ್ವಾ? ಅಲ್ಲೀವರೆಗೆ ಯಾರೂ ಇದಕ್ಕೆ ಕೈ ಹಚ್ಚೋ ಹಾಗಿಲ್ಲ."

"ಇವಳಿಗೆ ತಲೆ ಕೆಟ್ಟಿದೆ," ಎಂದಳು ಅವಳ ನಾದಿನಿ, ಕೈಯಲ್ಲಿದ್ದ ಚಹಾ ಲೋಟಕ್ಕೆ.

*

ಸತ್ತವನನ್ನು ಮೇಸ್ತ್ರಿ ಎಂದು ಎಲ್ಲರೂ ಕರೆಯುತ್ತಿದ್ದರೂ ಅವನು ಗೋಡೆ ಕಟ್ಟುವವನಲ್ಲ, ನೆಲ ಹಾಸುವವನು. ಶಾಲೆ, ಕಚೇರಿ, ಆಸ್ಪತ್ರೆ, ಎಲ್ಲಿ ಜನರ ಓಡಾಟ ಹೆಚ್ಚೋ ಅಲ್ಲಿ ಲಿನೋಲಿಯಂ ಸುರುಳಿ ಬಿಚ್ಚಿ, ಅಳತೆಗೆ ಕೊಯ್ದು, ಅಂಟಿಸಿ, ಭಾರದ ಉರುಳೆ ಉರುಳಿಸುವುದು ಅವನ ಕೆಲಸ. ಇಸ್ತ್ರಿಯಮ್ಮ ಅವನ ಮುಖ ಕಾಣುವ ಮೊದಲೇ ಅವನ ಬೈಗುಳ ಕೇಳಿದ್ದಳು. ಅವಳು ಲಾಂಡ್ರಿಯ ತಳ್ಳುಗಾಡಿಯನ್ನು ಆಸ್ಪತ್ರೆಯ ಪಡಸಾಲೆಯಲ್ಲಿ ದೂಡಿಕೊಂಡು ಬರುತ್ತಿದ್ದಾಗ, "ರೀ ತಾಯಿ, ಅಂಟು ಒಣಗಿಲ್ಲ, ಕಣ್ಣು ಕಾಣಲ್ವಾ?" ಎಂದು ನೆಲದಿಂದ ಯಾರೋ ಕೂಗಿದ್ದರು. ತಗ್ಗಿ ನೋಡಿದರೆ ಮಂಡಿಯೂರಿ ಕೂತ ಒಬ್ಬ ಬಡಕಲು ಮನುಷ್ಯ. ಅವನು ಎದ್ದು ನಿಂತದ್ದನ್ನು ಅವಳು ನೋಡಿದ್ದು ಮೂರನೆಯ ದಿನ.

ಅವನ ಮೊಣಕಾಲುಗಳು ಅವನಿಗಿಂತ ಮೊದಲೇ ಮುದಿಯಾದವು. ಇನ್ನು ಮಂಡಿಯೂರುವಂತಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವನು ಕಿಟಕಿಯ ಬಳಿ ಕೂತು, ಕೆಳಗಿನ ಬಸ್ ನಿಲ್ದಾಣ ನೋಡುತ್ತ, ಫೋನು ತಿಕ್ಕುತ್ತ ದಿನ ದೂಡತೊಡಗಿದ.

ಅಡುಗೆಮನೆಯ ಬಾಗಿಲ ಹಿಂದೆ ಹಸಿರು ಲಿನೋಲಿಯಂನ ಒಂದು ಸುರುಳಿ ನಿಂತಿತ್ತು. ಯಾವುದೋ ಶಾಲೆಯಲ್ಲಿ ಮಿಕ್ಕಿದ್ದು. ಇಸ್ತ್ರಿಯಮ್ಮನ ಅಡುಗೆಮನೆಗೆ ಹಾಸಲೆಂದು ತಂದದ್ದು. ಊರಿಗೆಲ್ಲ ನೆಲ ಹಾಸಿದವನ ಮನೆಯಲ್ಲಿ ಬರಿಯ ಸಿಮೆಂಟು. ಮುಂದಿನ ತಿಂಗಳು ಹಾಕ್ತೀನಿ ಎಂದು ಅವನು ಹೇಳುತ್ತಿದ್ದ ಆ ತಿಂಗಳು ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ.

ಒಂದು ಸಂಜೆ ಅವಳು ಕೆಲಸದಿಂದ ಬಂದಾಗ ಆ ಸುರುಳಿಯ ಅಂಚಿನಲ್ಲಿ ಒಂದು ಚೌಕ ಮಾಯವಾಗಿತ್ತು. ಮೇಸ್ತ್ರಿ ಕುರ್ಚಿಯ ಮೇಲೆ ನೆಟ್ಟಗೆ, ಅಲುಗಾಡದೆ ಕೂತಿದ್ದ.

"ಹಾಳೆ ಎಲ್ರೀ?"

"ನನ್ನ ಕೆಳಗಿದೆ."

"ಏನು, ಕೋಳಿ ಹಾಗೆ ಕಾವು ಕೂತಿದ್ದೀರಾ?"

"ಹಳೇ ಹಾಳೆ ಕಣೇ, ಗಟ್ಟಿಯಾಗಿದೆ. ಬೆಚ್ಚಗಾದ್ರೆ ಮೆತ್ತಗಾಗುತ್ತೆ. ಆಮೇಲೆ ಕೆತ್ತೋದು. ಕೆತ್ತಿದ ಮೇಲೆ ಶಾಯಿ ಹಚ್ಚೋದು, ಕಾಗದ ಇಟ್ಟು ಉಜ್ಜೋದು. ಚಿತ್ರ ಬರುತ್ತೆ. ಲಿನೋಕಟ್ ಅಂತಾರೆ." ಅವನು ಫೋನು ತೋರಿಸಿದ. ಅದರಲ್ಲಿ ಗಡ್ಡದ ಯುವಕನೊಬ್ಬ ಬೆಣ್ಣೆ ಕೊರೆದ ಹಾಗೆ ಸಲೀಸಾಗಿ ಹಾಳೆ ಕೊರೆಯುತ್ತಿದ್ದ. "ಜೀವಮಾನವೆಲ್ಲ ಇದರ ಮೇಲೆ ಬೇರೆಯವರು ನಡೆದ್ರು. ನಾನೂ ಏನಾದ್ರೂ ಮಾಡ್ತೀನಿ."

"ನನ್ನ ಅಡುಗೆಮನೆ?"

"ಒಂದು ತುಂಡು ತಾನೆ. ಮೂಲೆಯಲ್ಲಿ ಬೇರೆ ತುಂಡು ಸೇರಿಸ್ತೀನಿ."

ಬೆಣ್ಣೆಯ ಹಾಗೆ ಏನೂ ಬರಲಿಲ್ಲ. ಹಾಳೆ ಉಳಿಯ ಕೆಳಗೆ ಜಾರಿತು, ಉಳಿ ಹೆಬ್ಬೆರಳಿಗೆ ಇಳಿಯಿತು. ಗಡ್ಡದ ಯುವಕ ಹಾಳೆ ಜಾರದಂತೆ ಮುಂದೊಂದು ಮರದ ಪಟ್ಟಿ ಇಟ್ಟುಕೊಂಡಿದ್ದ. ಅದನ್ನು ಕಂಡು ಮೇಸ್ತ್ರಿ ಮೂಗು ಮುರಿದ. "ಇದೊಂದು ಕಳ್ಳಗೆಲಸ. ಹಾಳೆ ಜಾರ್ತಿದೆ ಅಂದ್ರೆ ಸರಿಯಾಗಿ ಅಂಟಿಸಿಲ್ಲ ಅಂತ ಅರ್ಥ."

ಮರುದಿನ ಅವಳು ಬರುವಷ್ಟರಲ್ಲಿ ಹೊಸ ಚೌಕವೊಂದು ಊಟದ ಮೇಜಿನ ಮಧ್ಯದಲ್ಲಿ ಕೂತಿತ್ತು. ಅಂಚುಗಳು ನಾಲ್ಕೂ ಕಡೆ ಸಮ, ಒಂದು ಗುಳ್ಳೆ ಇಲ್ಲ. ಅವನ ಕೈಯಿಂದಾದ ಕೊನೆಯ ಒಳ್ಳೆಯ ನೆಲ ಅದು.

"ರೀ, ಇದು ಊಟದ ಮೇಜು ಕಣ್ರೀ! ಇದನ್ನ ಯಾವಾಗ ಕೀಳ್ತೀರಿ?"

ಅವನು ಉಳಿಯನ್ನು ಕೆಳಗಿಟ್ಟ. ಮೇಜನ್ನು ನೋಡಿದ, ಅವಳನ್ನು ನೋಡಿದ.

"ಕೀಳೋದಾ?" ಎಂದ. ಅಷ್ಟು ವರ್ಷದ ಕೆಲಸದಲ್ಲಿ ಯಾರೂ ಅವನಿಗೆ ಆ ಪ್ರಶ್ನೆ ಕೇಳಿರಲಿಲ್ಲ.

*

"ಎಣ್ಣೆ ಹಾಕು, ಎಣ್ಣೆ," ಎಂದ ಅಂಟಣ್ಣ.

ಶಾಯಿ ಹಚ್ಚುವ ರಬ್ಬರು ರೋಲರು ನಿನ್ನೆ ಮಧ್ಯಾಹ್ನದಿಂದ ಗಾಜಿನ ತಟ್ಟೆಯ ಮೇಲೆ ಹಾಗೇ ಬಿದ್ದಿತ್ತು. ಮೇಸ್ತ್ರಿ ಅದನ್ನು ಹಿಡಿದಿದ್ದಾಗಲೇ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿದ್ದ. ಶಾಯಿ ಒಣಗಿ ರೋಲರು ಗಾಜಿಗೆ ಕಚ್ಚಿಕೊಂಡಿತ್ತು. ಮಗಳು ಅಡುಗೆ ಎಣ್ಣೆ ಸುರಿದು, ಬಟ್ಟೆಯಿಂದ ತಿಕ್ಕಿ, ಉಗುರಿನಿಂದ ಕೆರೆದು ಹೇಗೋ ಬಿಡಿಸಿದಳು. ಅವಳ ಒಗೆದ ಬಟ್ಟೆಯ ಅಂಚಿಗೆ ಕರಿ ಮೆತ್ತಿತು.

"ಅಲ್ಲೊಬ್ಬ ಉಗುರೆಲ್ಲ ಕರಿ ಮಾಡ್ಕೊಂಡು ಮಲಗಿದ್ದಾನೆ, ಇಲ್ಲಿ ಇವರೆಲ್ಲ ಮೈಯೆಲ್ಲ ಕರಿ ಮಾಡ್ಕೊಳ್ತಿದ್ದಾರೆ," ಎಂದಳು ನಾದಿನಿ. "ನನ್ನ ತಮ್ಮನ ಕೈ ನೋಡಿ ಬಂದವರೆಲ್ಲ ಏನಂದ್ಕೊಂಡ್ರೋ. ಇದ್ದಿಲು ಮಾರ್ತಿದ್ದ ಅನ್ಕೊಂಡಿರ್ತಾರೆ."

"ಮೂರು ಸಲ ತೊಳೆದೆ ಅಕ್ಕ. ಹೋಗ್ಲಿಲ್ಲ," ಎಂದಳು ಇಸ್ತ್ರಿಯಮ್ಮ. "ರಕ್ತದ ಕಲೆ ತೆಗೆದಿದ್ದೀನಿ, ಔಷಧದ ಕಲೆ ತೆಗೆದಿದ್ದೀನಿ. ಈ ಮನುಷ್ಯನ ಕಲೆ ಒಂದು ಹೋಗ್ತಿಲ್ಲ ನೋಡು."

ಶಾಯಿಯ ಟ್ಯೂಬಿನ ಬಾಯಿ ಗಟ್ಟಿಯಾಗಿತ್ತು. ಮಗ ಹಿಂಡಿದ. ಏನೂ ಬರಲಿಲ್ಲ. ಇನ್ನೂ ಹಿಂಡಿದ. ಟ್ಯೂಬು ಹಿಂಬದಿಯಲ್ಲಿ ಒಡೆದು ಶಾಯಿ ಅವನ ತೋಳಿಗೆ ಹಾರಿತು.

"ಥತ್!" ಅವನು ಟ್ಯೂಬನ್ನು ಗಾಜಿನ ಮೇಲೆ ಎಸೆದ. "ಅಮ್ಮಾ, ಸಾಕು. ಕೆಳಗೆ ಜನ ಕಾಯ್ತಿದ್ದಾರೆ. ಅಪ್ಪ ಇದ್ದಾಗಲೇ ಬರದ ಚಿತ್ರ ಈಗ ಬರುತ್ತಾ? ನೀನೇ ಅಲ್ವಾ ದಿನಾ ಬೈತಿದ್ದವಳು? ಮೇಜು ಹಾಳಾಯ್ತು, ಮನೆ ಹಾಳಾಯ್ತು ಅಂತ?"

"ಬೈತಿದ್ದೆ. ಅದಕ್ಕೇನೀಗ? ಬೈಯೋಳು ನಾನು. ನೀನ್ಯಾಕೆ ನನ್ನ ಮಾತು ನನಗೇ ತಿರುಗಿಸ್ತೀಯ?" ಅವಳು ಒಡೆದ ಟ್ಯೂಬಿನಿಂದ ಶಾಯಿಯನ್ನು ಚಮಚೆಯಲ್ಲಿ ತೋಡಿ ಗಾಜಿಗೆ ಬಳಿದಳು. ರೋಲರು ಹಿಡಿದಳು. ಅವಳು ಎಂದೂ ಅದನ್ನು ಮುಟ್ಟಿದವಳಲ್ಲ. ಆದರೆ ಅದೇ ಮೇಜಿನಲ್ಲಿ ಕೂತು ಉಣ್ಣುತ್ತ, ಬೇಡ ಬೇಡವೆಂದರೂ ಎಲ್ಲವನ್ನೂ ನೋಡಿದ್ದಳು.

ಗಾಡಿಯವನು ಗಡಿಯಾರ ನೋಡಿಕೊಂಡ. "ಅಮ್ಮಾ, ತಪ್ಪು ತಿಳೀಬೇಡಿ, ಎಷ್ಟು ಹೊತ್ತಾಗುತ್ತೆ?"

"ನಿನಗೇನು ಅವಸರ? ಅವರೇನು ಎದ್ದು ಹೋಗ್ತಾರಾ?"

*

ಮೇಸ್ತ್ರಿ ಬಸ್ ನಿಲ್ದಾಣವನ್ನು ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣವಿರಲಿಲ್ಲ. ಕುರ್ಚಿಯಿಂದ ಏಳದೆ ಕಾಣುವುದು ಅದೊಂದೇ. ನಿಲ್ದಾಣದ ಚಾವಣಿ, ಕಂಬ, ಬೆಂಚಿನ ಮೇಲೆ ತೂಕಡಿಸುವ ಒಬ್ಬ, ಕಂಬದ ಬುಡದಲ್ಲಿ ನಾಯಿ. ಮಧ್ಯದಲ್ಲಿ ಕೈಚೀಲ ಹಿಡಿದು ನಿಂತ ಒಬ್ಬಳು.

"ಇದ್ಯಾರು, ಮೂರನೇ ಮಹಡಿ ನರ್ಸಾ?"

"ನೀನು ಕಣೇ. ದಿನಾ ಬೆಳಗ್ಗೆ ಅಲ್ಲೇ ನಿಲ್ಲಲ್ವಾ?"

"ನಾನು ಇಷ್ಟು ದಪ್ಪಗಿದ್ದೀನಾ?"

"ಕೆತ್ತೋಕೆ ತೆಳ್ಳಗೆ ಬರಲ್ಲ."

ಮೊದಲ ಸಲ ಶಾಯಿ ಹಚ್ಚಿ, ಕಾಗದ ಹಾಸಿ, ಚಮಚೆಯ ಬೆನ್ನಿನಿಂದ ಉಜ್ಜಿ ಎತ್ತಿದಾಗ ಚಾವಣಿ ಬಂದಿತ್ತು, ಬೆಂಚಿನವನು ಬಂದಿದ್ದ, ನಾಯಿಯ ಬಾಲದ ಕೂದಲು ಸಹ ಬಂದಿತ್ತು. ಮಧ್ಯದಲ್ಲಿ ಮಾತ್ರ ಬಿಳಿ ತೇಪೆ. ಅವಳಿರಬೇಕಾದಲ್ಲಿ ಕೈಚೀಲದ ಒಂದು ಮೂಲೆ, ಅಷ್ಟೇ.

ಮಗಳು ನಕ್ಕುಬಿಟ್ಟಳು. "ಅಪ್ಪಾ, ಅಮ್ಮ ಬಸ್ ಹತ್ತಿ ಹೋಗ್ಬಿಟ್ಲು!"

ಎರಡನೆಯದರಲ್ಲೂ ಹಾಗೇ. ಹತ್ತನೆಯದರಲ್ಲೂ. ಶಾಯಿ ಹೆಚ್ಚು ಹಾಕಿದ, ಕಡಿಮೆ ಹಾಕಿದ. ಕಾಗದ ನೆನೆಸಿದ, ಒಣಗಿಸಿದ. ಸಣ್ಣ ಚಮಚೆ ಬಿಟ್ಟು ಸೌಟು ಹಿಡಿದ. ಮೈಯ ಭಾರವೆಲ್ಲ ಹಾಕಿ ಉಜ್ಜಿದ. ಒತ್ತಿದಷ್ಟೂ ಅವಳು ಇನ್ನಷ್ಟು ಮಾಯವಾಗುತ್ತಿದ್ದಳು. ಮಗ ಫೋನು ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಅದೇ: "ಏನಪ್ಪಾ, ಅಮ್ಮನಿಗೆ ಇವತ್ತಾದ್ರೂ ಬಸ್ ತಪ್ತಾ?"

ಮೇಸ್ತ್ರಿಗೆ ನಗು ಬರುತ್ತಿರಲಿಲ್ಲ. ಹಾಳಾದ ಕಾಗದಗಳನ್ನು ಮುದುಡಿ ಮೂಲೆಗೆ ಎಸೆಯುತ್ತಿದ್ದ. ಒಂದನ್ನೂ ಗೋಡೆಗೆ ಹಚ್ಚಲು ಬಿಡಲಿಲ್ಲ. "ಕಾಗದ ಸರಿಯಿಲ್ಲ," ಎನ್ನುತ್ತಿದ್ದ. "ಶಾಯಿ ಸರಿಯಿಲ್ಲ. ಈ ಗಡ್ಡದವನು ಏನನ್ನೋ ಮುಚ್ಚಿಡ್ತಿದ್ದಾನೆ."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಇಸ್ತ್ರಿಯಮ್ಮ, ಓರೆಯಾದ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಉಣ್ಣುತ್ತ.

ಅವನು ಆ ಮಾತಿಗೆ ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಆದರೆ ಅವನು ತಲೆಯೆತ್ತಿ ಗಂಭೀರವಾಗಿ ಹೇಳಿದ: "ನೆಲ ಡೊಂಕಿದ್ರೆ ಯಾರಿಗೂ ಕುಣಿಯೋಕಾಗಲ್ಲ ಕಣೇ. ನನ್ನ ಕೇಳು."

ನಿನ್ನೆ ಬೆಳಗ್ಗೆ ಅವಳು ಹೊರಡುವಾಗಲೂ ಅದೇ ಜಗಳ. ತಿಂಡಿ ತಿನ್ನಲು ಜಾಗವಿಲ್ಲವೆಂದು ಅವಳು ನಿಂತೇ ತಿಂದಳು. "ಇವತ್ತು ಬರುತ್ತೆ," ಎಂದ ಅವನು, ಗಾಜಿನ ಮೇಲೆ ರೋಲರು ಆಡಿಸುತ್ತ. "ಬಂದಾಗ ಹೇಳಿ, ಊರಿಗೆಲ್ಲ ಸಿಹಿ ಹಂಚ್ತೀನಿ," ಎಂದು ಬಾಗಿಲು ಎಳೆದುಕೊಂಡಳು. ಕೆಳಗೆ ನಿಲ್ದಾಣದಲ್ಲಿ ನಿಂತಾಗ ಕಿಟಕಿಯತ್ತ ನೋಡಲಿಲ್ಲ. ಬೇಕೆಂದೇ ಬೆನ್ನು ತಿರುಗಿಸಿ ನಿಂತಳು.

*

ಒಳ್ಳೆಯ ಕಾಗದ ಮೂರೇ ಹಾಳೆ ಉಳಿದಿದ್ದವು.

ಮೊದಲನೆಯದು ಎಣ್ಣೆಗೆ ಬಲಿಯಾಯಿತು. ರೋಲರಿನಲ್ಲಿ ಉಳಿದ ಅಡುಗೆ ಎಣ್ಣೆ ಶಾಯಿಯನ್ನು ನೀರು ಮಾಡಿತ್ತು. ಕಾಗದ ಎತ್ತಿದರೆ ನಿಲ್ದಾಣ, ನಾಯಿ, ಬೆಂಚು ಎಲ್ಲ ಕಲಸಿಹೋಗಿದ್ದವು.

"ಪ್ರವಾಹ ಬಂದ ಹಾಗಿದೆ," ಎಂದ ಗಾಡಿಯವನು. ಅವನು ಯಾವಾಗ ಹೊಸ್ತಿಲು ದಾಟಿ ಒಳಗೆ ಬಂದಿದ್ದನೋ ಯಾರೂ ಗಮನಿಸಿರಲಿಲ್ಲ.

ಇಸ್ತ್ರಿಯಮ್ಮ ಹಳೆಯ ಹೊದಿಕೆಯೊಂದನ್ನು ಹರಿದು ರೋಲರು ಒರೆಸಿದಳು, ಹಾಳೆ ಒರೆಸಿದಳು, ಮತ್ತೆ ಶಾಯಿ ಹಚ್ಚಿದಳು. ಈ ಸಲ ರೋಲರು ಗಾಜಿನ ಮೇಲೆ ಸಣ್ಣಗೆ ಚಿರಿಚಿರಿ ಸದ್ದು ಮಾಡಿತು. ಅವನು ಹಚ್ಚುವಾಗ ಕೇಳುತ್ತಿದ್ದ ಸದ್ದೇ. ಮಗಳು ಎರಡನೆಯ ಕಾಗದ ಹಾಸಿ ಚಮಚೆಯಿಂದ ಉಜ್ಜಿದಳು. ಎತ್ತಿದರು. ಚಾವಣಿ ಅಚ್ಚುಕಟ್ಟಾಗಿ ಬಂದಿತ್ತು. ನಾಯಿ ಬಂದಿತ್ತು. ಮಧ್ಯದಲ್ಲಿ ಬಿಳಿ ತೇಪೆ.

ಯಾರೂ ತಮಾಷೆ ಮಾಡಲಿಲ್ಲ.

"ಸಾಕಮ್ಮ," ಎಂದ ಮಗ. ಅವನ ದನಿ ಈ ಸಲ ಮೆತ್ತಗಿತ್ತು. "ಇದನ್ನೇ ಇಟ್ಕೋ. ಪರವಾಗಿಲ್ಲ, ಚೆನ್ನಾಗೇ ಬಂದಿದೆ."

"ನಾನಿಲ್ಲ ಇದರಲ್ಲಿ."

"ಅಮ್ಮಾ, ತಡಿ," ಮಗಳು ಮೇಜಿನ ಮೇಲೆ ಬಾಗಿದ್ದಳು. ಚಮಚೆಯನ್ನು ಹಾಳೆಯ ಮಧ್ಯದಲ್ಲಿಟ್ಟು ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು. "ಇಲ್ಲಿ ನೋಡು. ಒತ್ತಿದ ಕೂಡಲೇ ಹಲಗೆ ಕೆಳಗೆ ಹೋಗ್ತಿದೆ. ಕೂಡೋ ಜಾಗದಲ್ಲಿ."

ಅಂಟಣ್ಣ ಅಂಗೈ ಇಟ್ಟು ಒತ್ತಿ ನೋಡಿದ. ಅವನ ಮುಖ ಸಣ್ಣದಾಯಿತು. "ತಳ!" ಎಂದ. "ತಳ ಸಡಿಲ. ಕೀಲಿನ ತಿರುಪು ಬಿಟ್ಟಿದೆ. ಅಯ್ಯೋ ಮಾರಾಯ, ಯಾವ ಕಟ್ಟಡಕ್ಕೆ ಹೋದ್ರೂ ಮೊದಲು ತಳ ನೋಡ್ತಿದ್ದವನು. ಬಗ್ಗಿ ಒಂದು ಸಲ ಕೆಳಗೆ ನೋಡಬಾರದಾಗಿತ್ತಾ?"

"ಯಾವ ಮೊಣಕಾಲಲ್ಲಿ ಬಗ್ಗೋದು?" ಎಂದಳು ಇಸ್ತ್ರಿಯಮ್ಮ ಸಿಡುಕಿ. ಅವಳು ಮೂಗನ್ನು ತೋಳಿಗೆ ಒರೆಸಿಕೊಂಡಳು. ಕೆನ್ನೆಗೆ ಶಾಯಿ ಹತ್ತಿತು.

"ತಿರುಪು ಬಿಗಿ ಮಾಡಿದ್ರೆ?" ಎಂದ ಗಾಡಿಯವನು.

"ಮರ ಕೊರೆದುಹೋಗಿದೆ, ಹಿಡಿಯಲ್ಲ. ಯಾರಾದ್ರೂ ಕೆಳಗೆ ಕೂತು ಎತ್ತಿ ಹಿಡಿದ್ರೆ ಆದೀತು."

ಮಗ ಅಂಗಿಯ ತೋಳು ಮಡಚಿ ಮೇಜಿನ ಕೆಳಗೆ ತೂರಿದ. ಅವನ ಎತ್ತರಕ್ಕೆ ಅಲ್ಲಿ ಜಾಗವಿರಲಿಲ್ಲ. ಕುತ್ತಿಗೆ ಸೊಟ್ಟ ಮಾಡಿ ಎತ್ತಲು ಹೋಗಿ ಇಡೀ ಮೇಜನ್ನೇ ಅಲುಗಾಡಿಸಿದ. ಗಾಜಿನ ತಟ್ಟೆ ಜಾರಿ ನಾದಿನಿಯ ಮಡಿಲಿಗೆ ಬೀಳುವುದರಲ್ಲಿತ್ತು.

"ಮೇಜು ಮುರೀತೀಯ, ಬಾರೋ ಹೊರಗೆ!" ನಾದಿನಿ ಚೀರಿದಳು. ಮಗಳು ಉಜ್ಜಬೇಕು. ಅಂಟಣ್ಣನ ಮೊಣಕಾಲು ಮೇಸ್ತ್ರಿಯ ಮೊಣಕಾಲಿನ ಜೋಡಿಯೇ. ಎಲ್ಲರೂ ಗಾಡಿಯವನತ್ತ ನೋಡಿದರು. ಅವನು ತನ್ನ ಬಿಳಿ ಸಮವಸ್ತ್ರವನ್ನು ನೋಡಿಕೊಂಡ.

"ಸರೀರಿ ಎಲ್ಲ," ಎಂದಳು ಇಸ್ತ್ರಿಯಮ್ಮ.

ಮೊದಲು ಅವಳೇ ಮೂರನೆಯ ಸಲ ಶಾಯಿ ಹಚ್ಚಿದಳು. ಕೊನೆಯ ಕಾಗದವನ್ನು ಮಗಳ ಕೈಗೆ ಕೊಟ್ಟಳು. ಆಮೇಲೆ ಮೇಜಿನ ಅಂಚು ಹಿಡಿದು, ಒಂದು ಮಂಡಿ, ಇನ್ನೊಂದು ಮಂಡಿ ಊರಿ, ತಲೆ ತಗ್ಗಿಸಿ ಒಳಗೆ ಸರಿದಳು. ಸಿಮೆಂಟು ನೆಲ ಮೊಣಕಾಲಿನ ಚಿಪ್ಪಿಗೆ ಒತ್ತಿತು. ತಡವರಿಸಿ ಕೂಡುಗೆರೆ ಹುಡುಕಿ, ಎರಡೂ ಅಂಗೈಗಳನ್ನು ಅದಕ್ಕೆ ಕೊಟ್ಟು, ಹೆಗಲನ್ನೂ ಸೇರಿಸಿ ಎತ್ತಿದಳು. ಹಲಗೆ ಕಿರ್ರೆಂದು ಮೇಲೇರಿ ಸಮಕ್ಕೆ ಬಂದಿತು.

"ಹೂಂ, ಉಜ್ಜು!"

ತಲೆಯ ಮೇಲೆ ಚಮಚೆ ಓಡಾಡತೊಡಗಿತು. ಅದರ ಒಂದೊಂದು ಒತ್ತೂ ಮರದ ಮೂಲಕ ಅವಳ ಅಂಗೈಗೆ ಇಳಿಯುತ್ತಿತ್ತು. ಅವಳು ಅಷ್ಟೇ ಬಲದಿಂದ ತಿರುಗಿ ಒತ್ತಿದಳು. ಕುತ್ತಿಗೆ ತಿರುಗಿಸಲು ಆಗದೆ ಎದುರಿಗಿದ್ದುದನ್ನೇ ನೋಡುತ್ತ ಕೂತಳು. ಮಗನ ಬೂಟಿನ ಒಂದು ಲೇಸು ಬಿಚ್ಚಿಕೊಂಡಿತ್ತು. ಅಂಟಣ್ಣನ ಕಾಲುಚೀಲಗಳು ಒಂದು ನೀಲಿ, ಒಂದು ಕಂದು. ನಾದಿನಿಯ ಊದಿದ ಪಾದಗಳು ಚಪ್ಪಲಿಯ ಪಟ್ಟಿಯ ಆಚೀಚೆ ಉಬ್ಬಿದ್ದವು. ಮಗಳ ಹಿಮ್ಮಡಿ ಚಮಚೆಯ ಜೊತೆಗೆ ಏಳುತ್ತಿತ್ತು, ಇಳಿಯುತ್ತಿತ್ತು.

"ಮಧ್ಯ ಇನ್ನೊಂದ್ಸಲ," ಎಂದ ಅಂಟಣ್ಣ ಮೇಲೆ.

"ಕೈ ಬೀಳ್ತಿದೆ ಕಣೋ, ಬೇಗ," ಎಂದಳು ಇಸ್ತ್ರಿಯಮ್ಮ ಕೆಳಗೆ.

ಚಮಚೆ ನಿಂತಿತು. ಕಾಗದ ಒಂದು ಮೂಲೆಯಿಂದ ಏಳುವ ಅಂಟಂಟು ಸದ್ದು ನಿಧಾನವಾಗಿ ಮೇಜಿನ ಉದ್ದಕ್ಕೂ ಸಾಗಿತು. ಆಮೇಲೆ ಅದೂ ನಿಂತಿತು.

"ಬಂತಾ?"

ಅವಳು ಹೆಗಲನ್ನು ಹಲಗೆಗೆ ಇನ್ನಷ್ಟು ಒತ್ತಿ ಕೊಟ್ಟಳು.

"ಬಂತೇನ್ರೋ? ಕೈ ಬಿಡಲಾ, ಹಿಡಿದಿರಲಾ? ಬಾಯಿ ಬಿದ್ದುಹೋಗಿದೆಯಾ ಎಲ್ಲರಿಗೂ?"

ಬಾಗಿಲ ಕಡೆಯಿಂದ ಗಾಡಿಯವನ ಕರಿ ಬೂಟುಗಳು ಬಂದು ಮಗನ ಬೂಟು ಮತ್ತು ಅಂಟಣ್ಣನ ಕಾಲುಚೀಲಗಳ ನಡುವೆ ಜಾಗ ಮಾಡಿಕೊಂಡವು. ನಾದಿನಿಯ ಕುರ್ಚಿ ಕಿರುಗುಟ್ಟಿತು. ಅವಳ ಊದಿದ ಪಾದಗಳು ಒಂದರ ಹಿಂದೊಂದು ಮುಂದೆ ಬಂದವು. ಇಸ್ತ್ರಿಯಮ್ಮ ಹಲಗೆಯನ್ನು ಹಾಗೇ ಎತ್ತಿ ಹಿಡಿದು ನೋಡುತ್ತಿದ್ದಳು. ಮೊದಲು ನಾದಿನಿಯ ಹಿಮ್ಮಡಿ ಚಪ್ಪಲಿಯಿಂದ ಮೇಲೆದ್ದಿತು. ಆಮೇಲೆ ಗಾಡಿಯವನದು, ಆಮೇಲೆ ಅಂಟಣ್ಣನದು. ಮೇಜಿನ ಸುತ್ತ ಎಲ್ಲರೂ ಮಗಳ ಕೈಯ ಕಾಗದ ನೋಡಲು ತುದಿಗಾಲಲ್ಲಿ ನಿಂತಿದ್ದರು, ಒಂದು ಹಿಮ್ಮಡಿಯೂ ನೆಲಕ್ಕೆ ಇಳಿಯುತ್ತಿರಲಿಲ್ಲ.